ಜಗಳವಿಲ್ಲದೆ ಎದ್ದ ಗೋಡೆ

ನೂಲಣ್ಣನಿಗೆ ಆ ಹೆಸರು ಬಂದದ್ದು ನೂಲಿನಿಂದಲೇ. ಈರುಳ್ಳಿ ಸಸಿ ನೆಡುವಾಗ ಬೇರೆಯವರೆಲ್ಲ ಕಣ್ಣಂದಾಜಿನಲ್ಲಿ ಸಾಲು ಹಿಡಿದರೆ, ಇವನು ಹೊಲದ ಆ ತುದಿಗೊಂದು ಗೂಟ, ಈ ತುದಿಗೊಂದು ಗೂಟ ಹೊಡೆದು, ನಡುವೆ ನೂಲು ಬಿಗಿದು, ಅದರ ಕೆಳಗೆ ಒಂದೊಂದೇ ಸಸಿ ಊರುತ್ತಿದ್ದ. ನೆಟ್ಟು ಮುಗಿದ ಮೇಲೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಬೇಕು. ಎರಡು ಬೆರಳು ಆಚೆ ನಿಂತ ಸಸಿ ಕಂಡರೆ ಎದ್ದು ಹೋಗಿ, ಕಿತ್ತು, ಮತ್ತೆ ನೆಡಬೇಕು. ಈರುಳ್ಳಿಗೆ ಇದೆಲ್ಲ ಗೊತ್ತಾಗುತ್ತದೆಯೇ ಎಂದು ಯಾರಾದರೂ ಕಿಚಾಯಿಸಿದರೆ, "ಈರುಳ್ಳಿಗೆ ಗೊತ್ತಾಗಲ್ಲ, ನಂಗೆ ಗೊತ್ತಾಗತ್ತೆ" ಅನ್ನುತ್ತಿದ್ದ. ಅಂಥವನ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಅವನ ಹೊಲದಲ್ಲಿ ಕಳೆ ಅನ್ನುವುದನ್ನು ಯಾರೂ ಕಂಡಿರಲಿಲ್ಲ. ದಾರಿಹೋಕರು ಸೈಕಲ್ಲು ನಿಲ್ಲಿಸಿ ಒಂದು ಗಳಿಗೆ ನೋಡಿ ಹೋಗುತ್ತಿದ್ದರು. ಅರವತ್ತು ಮುಟ್ಟಿದ ಆ ಮನುಷ್ಯನಿಗೆ ಜೀವನದಲ್ಲಿ ದಕ್ಕಿದ ಮರ್ಯಾದೆ ಅಂದರೆ ಅದೊಂದೇ. ಓದು ತಲೆಗೆ ಹತ್ತಿರಲಿಲ್ಲ, ನಾಲ್ಕು ಜನರ ಮುಂದೆ ಮಾತು ಹೊರಡುತ್ತಿರಲಿಲ್ಲ. ಊರಿನ ಸಭೆಯಲ್ಲಿ ಕೊನೆಯ ಬೆಂಚು, ಅದರಲ್ಲೂ ಮೂಲೆ.

ಮಾತು ಬೇಕಾದಾಗ ಅಕ್ಕ ಇದ್ದಳು. ಇವನಿಗಿಂತ ಏಳು ವರ್ಷ ದೊಡ್ಡವಳು. ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳಾದ್ದರಿಂದ ಊರಿಗೆಲ್ಲ ಅಂಚೆಯಕ್ಕ. ಅವಳೂ ಮದುವೆಯಾಗಲಿಲ್ಲ, ಇವನೂ ಆಗಲಿಲ್ಲ. ಯಾಕಿರಬಹುದು ಎಂದು ಊರಿನವರು ಮೊದಲ ಹತ್ತು ವರ್ಷ ತಲೆ ಕೆಡಿಸಿಕೊಂಡರು, ಆಮೇಲೆ ಬೇಜಾರಾಗಿ ಬಿಟ್ಟರು. ಇಬ್ಬರೂ ಹುಟ್ಟಿದ ಮನೆಯಲ್ಲೇ ಉಳಿದರು. ಒಂದರ ಹಿಂದೆ ಒಂದು ಮೂರು ಕೋಣೆಯ ಉದ್ದನೆಯ ಮನೆ ಅದು. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಅಕ್ಕನ ಕೋಣೆ, ಅದಕ್ಕೆ ಹಿತ್ತಲ ಕಡೆಗೊಂದು ಬಾಗಿಲು. ಅಡುಗೆಮನೆಗೂ ಅಕ್ಕನ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಒಲೆಯ ಬಿಸಿ ಹಿಂದಕ್ಕೂ ಹೋಗಲಿ ಎಂದು ಅಪ್ಪ ಅಲ್ಲಿ ಎರಡಾಳು ಅಗಲದ ತೆರಪು ಬಿಡಿಸಿದ್ದ. ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ನೂಲಣ್ಣ ಮಲಗುವುದು ಅಡುಗೆಮನೆಯ ಬೆಂಚಿನ ಮೇಲೆ, ತೆರಪಿಗೆ ತಲೆ ಹಾಕಿ. ಅವಳು ಮೂರನೇ ಸಲ ಕೆಮ್ಮಿದರೆ ಇವನಿಗೆ ತಾನಾಗಿ ಎಚ್ಚರವಾಗುತ್ತಿತ್ತು, ಎದ್ದು ನೀರು ಕಾಯಲು ಇಡುತ್ತಿದ್ದ. ಇದಕ್ಕೆ ಇಬ್ಬರೂ ಪ್ರೀತಿ ಗೀತಿ ಅಂತ ಹೆಸರು ಇಟ್ಟವರಲ್ಲ.

ಹಳ್ಳದ ದಂಡೆಯ ಸಬ್ಸಿಡಿಯ ವಿಷಯ ತಂದವಳೂ ಅಕ್ಕನೇ. ಸರ್ಕಾರದ ಯೋಜನೆ ಹೀಗಿತ್ತು. ಹಳ್ಳಕ್ಕೆ ತಾಗಿದ ಹೊಲದವರು ದಂಡೆಯುದ್ದಕ್ಕೂ ಎಂಟು ಮೀಟರ್ ಅಗಲದ ಪಟ್ಟಿಯನ್ನು ಆರು ವರ್ಷ ಹಾಗೇ ಬಿಡಬೇಕು. ಉಳಬಾರದು, ಕುಯ್ಯಬಾರದು, ಮೇಯಿಸಬಾರದು, ಔಷಧಿ ಹೊಡೆಯಬಾರದು. ಹುಲ್ಲು ಬೆಳೆದು ನೀರು ತಿಳಿಯಾಗಲಿ, ಜೇನುನೊಣಗಳು ಬದುಕಿಕೊಳ್ಳಲಿ ಅನ್ನುವ ಉದ್ದೇಶ. ಹಾಗೆ ಬಿಟ್ಟವರಿಗೆ ವರ್ಷಕ್ಕೊಮ್ಮೆ ಹಣ, ಅದೂ ಒಳ್ಳೆಯ ಹಣ. ಒಂದೇ ಕೊಕ್ಕೆ ಅಂದರೆ, ಅಕ್ಕಪಕ್ಕದ ಏಳು ಹೊಲದವರು ಗುಂಪಾಗಿ ಸಹಿ ಹಾಕಬೇಕು, ಪಟ್ಟಿ ಎಲ್ಲೂ ತುಂಡಾಗಬಾರದು. ಒಬ್ಬ ತಪ್ಪಿದರೆ ಏಳೂ ಜನಕ್ಕೆ ನಿಲ್ಲುತ್ತದೆ, ಅಲ್ಲಿಯವರೆಗೆ ಕೊಟ್ಟದ್ದನ್ನೂ ವಾಪಸು ಕೇಳುತ್ತಾರೆ.

ಅಕ್ಕ ಏದುಸಿರು ಬಿಡುತ್ತಾ ಉಳಿದ ಆರು ಮನೆಗೂ ಹತ್ತಿಳಿದಳು. ಅರ್ಜಿ ತುಂಬಿದಳು, ಹೆದರಿದವರಿಗೆ ಧೈರ್ಯ ಹೇಳಿದಳು. "ನಮ್ಮ ಪೈಕಿ ಯಾರೂ ಕೈಕೊಡಲ್ಲ, ಅದಕ್ಕೆ ನಾನು ಜವಾಬ್ದಾರಿ" ಅಂದಳು. ಹಣ ಬಂದಿತು. ಪಕ್ಕದ ಹೊಲದ ಕೋಸಿನವನು ಸೋರುವ ಸೂರು ಬದಲಾಯಿಸಿದ. ಇನ್ನೊಬ್ಬ ಹೆಂಡತಿಯ ಕಣ್ಣಿಗೆ ಆಪರೇಷನ್ ಮಾಡಿಸಿದ. ಖರ್ಚಾಗಿ ಹೋದದ್ದನ್ನು ವಾಪಸು ಕೊಡುವ ತ್ರಾಣ ಆ ಏಳು ಮನೆಯಲ್ಲಿ ಒಂದಕ್ಕೂ ಇರಲಿಲ್ಲ.

ನಾಲ್ಕು ವರ್ಷ ನೂಲಣ್ಣ ಹಲ್ಲು ಕಚ್ಚಿ ತಡೆದ. ತಡೆಯುವುದೆಂದರೆ ಸುಮ್ಮನೆಯಲ್ಲ. ಅವನ ಪಟ್ಟಿಯಲ್ಲಿ ಮುಳ್ಳು, ಅಂಟುಪುರಲೆ, ಸೊಂಟದುದ್ದದ ಹುಲ್ಲು ಕಿಕ್ಕಿರಿದು ಬೆಳೆದವು. ಬೀಜ ಹಾರಿ ಈರುಳ್ಳಿ ಸಾಲಿನೊಳಗೆ ಮೊಳೆಯುತ್ತಿದ್ದವು. ಅವನು ಹಳ್ಳದ ಕಡೆ ಮುಖ ಹಾಕುವುದನ್ನೇ ಬಿಟ್ಟ. ಹೊಲಕ್ಕೆ ಸುತ್ತು ಹಾಕಿ ಮೇಲಿನ ದಾರಿಯಿಂದ ಹೋಗುತ್ತಿದ್ದ. ಅಕ್ಕನಿಗೆ ಮಾತ್ರ ಆ ಪಟ್ಟಿ ಅಂದರೆ ಪ್ರಾಣ. ಸಂಜೆ ಕುರ್ಚಿ ಹಾಕಿಕೊಂಡು ಕೂತು, ಯಾವ ಹಕ್ಕಿ ಬಂತು, ಯಾವ ಹೂವು ಬಿಟ್ಟಿತು ಎಂದು ನೋಡುತ್ತಿದ್ದಳು.

ನಾಲ್ಕನೇ ವರ್ಷದ ತಪಾಸಣೆಗೆ ದಿನ ಗೊತ್ತಾಯಿತು. ಮೊದಲ ಮೂರು ವರ್ಷ ಕಚೇರಿಯವರು ಕೆಳಗಿನ ಹೊಲಗಳನ್ನಷ್ಟೇ ನೋಡಿ ಹೋಗಿದ್ದರು. ಈ ಸಲ ನೂಲಣ್ಣನ ಹೊಲದಿಂದಲೇ ಶುರು ಎಂದು ಕಚೇರಿಯ ಮೇಡಂ ಒಬ್ಬರಿಂದ ಫೋನು ಬಂತು. ಹೊರಗಿನ ಜನ, ಅದರಲ್ಲೂ ಕಚೇರಿಯವರು, ಮೊದಲ ಸಲ ಅವನ ಹೊಲಕ್ಕೆ ಬರುವವರು, ಬಂದೊಡನೆ ನೋಡುವುದು ಈ ಕೊಂಪೆಯನ್ನೇ? ಮನೆಗೆ ಯಾರಾದರೂ ಬರುತ್ತಾರೆಂದರೆ ಅಂಗಳ ಗುಡಿಸದೆ ಇರುತ್ತೇವೆಯೇ? ಹಿಂದಿನ ದಿನ ಸಂಜೆ ಅಕ್ಕ ಔಷಧಿಯಂಗಡಿಗೆ ಹೋಗಿದ್ದಾಗ ಅವನು ಕುಡುಗೋಲು ಹಿಡಿದು ಹಳ್ಳದ ಕಡೆ ನಡೆದ. ದಾರಿಯ ಮೂಲೆಯಲ್ಲಿ ಒಂದು ಮಾರು ಜಾಗ, ಜನ ಕಾಲಿಡುವಲ್ಲಿ ಮಾತ್ರ, ಅಷ್ಟೇ ಎಂದುಕೊಂಡ.

ಒಂದು ಮಾರು ಚೊಕ್ಕವಾಯಿತು. ಚೊಕ್ಕವಾದ ಕಡೆಯಿಂದ ನೋಡಿದರೆ ಉಳಿದದ್ದು ಇನ್ನೂ ಅಸಹ್ಯವಾಗಿ ಕಂಡಿತು. ಇನ್ನೊಂದು ಮಾರು ಅಂದುಕೊಂಡ. ಆಮೇಲೆ ಕುಡುಗೋಲು ಸಾಲದೆ ಹೆಗಲಿಗೆ ಹಾಕುವ ಹುಲ್ಲಿನ ಮಷೀನು ತಂದ. ನಾಲ್ಕು ವರ್ಷ ಕಟ್ಟಿಟ್ಟಿದ್ದ ಕೈ ಅದು, ಬಿಟ್ಟ ಮೇಲೆ ನಿಲ್ಲಲಿಲ್ಲ. ಬೆಳಕು ಇಳಿಯುವ ಹೊತ್ತಿಗೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ಹುಲ್ಲು ಮಲಗಿತ್ತು, ಅಂಚು ಗೆರೆ ಎಳೆದಷ್ಟು ನೇರ. ಅವನು ಬದುವಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟ. ಹೇಳಲು ನನಗೇ ನಾಚಿಕೆ, ಆದರೆ ಆ ಹೊತ್ತಿನಲ್ಲಿ ಅವನಿಗೆ ಆರು ಮನೆಗಳ ನೆನಪು ಒಂದಿಷ್ಟೂ ಬರಲಿಲ್ಲ.

ನೆನಪು ಬಂದದ್ದು ಬೆಳಿಗ್ಗೆ, ಅಕ್ಕನ ಮುಖ ಕಂಡಾಗ. ಅವಳು ಕುರ್ಚಿ ಹಿಡಿದುಕೊಂಡು ದಂಡೆಗೆ ಬಂದವಳು ಹಾಗೇ ನಿಂತಳು.

"ಯಾರೋ ಕುಯ್ದದ್ದು ಇದನ್ನ?"

"ಮೇಡಂ ಬರ್ತಾರಲ್ಲ, ದಾರಿ ಹತ್ರ ಸ್ವಲ್ಪ ಅಂದ್ಕೊಂಡೆ ಅಕ್ಕ."

"ಪೂರ್ತಿ ಕುಯ್ದಿದೀಯ."

"ಹೂಂ."

ಅಕ್ಕ ಕುರ್ಚಿ ಬಿಡಿಸದೆ ನೆಲದ ಮೇಲೇ ಕೂತುಬಿಟ್ಟಳು. "ಆಯ್ತು. ಏಳು ಮನೆ ಮುಳುಗಿತು" ಅಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಕಚೇರಿಯ ಜೀಪು ಬರಲು ಇನ್ನೂ ಎರಡು ಗಂಟೆ ಇತ್ತು. ಅವನು ಕುಯ್ದ ಹುಲ್ಲನ್ನು ಬಾಚಿ ತಬ್ಬಿ ತಂದ. ಕೋಲಿನಿಂದ ತೂತು ಮಾಡಿ, ಒಂದೊಂದು ಹಿಡಿ ಹುಲ್ಲನ್ನು ಊರಿ, ಸುತ್ತ ಮಣ್ಣು ಒತ್ತತೊಡಗಿದ. ಅಕ್ಕ ನೋಡುತ್ತಾ ಕೂತಿದ್ದಳು.

"ಸಾಲಾಗಿ ನೆಡ್ತಿದೀಯಲ್ಲೋ" ಅಂದಳು.

ಅವನು ತಿರುಗಿ ನೋಡಿದ. ನಿಜ. ಸತ್ತ ಹುಲ್ಲು ಈರುಳ್ಳಿ ಸಸಿಯ ಹಾಗೆ ಗೇಣಿಗೊಂದರಂತೆ ಸಾಲಾಗಿ ನಿಂತಿತ್ತು. ಅಕ್ಕ ಗಟ್ಟಿಯಾಗಿ ನಕ್ಕಳು, ನಗು ಕೆಮ್ಮಾಯಿತು. ಆಮೇಲೆ ಅವಳೂ ಎದ್ದು ಬಂದು ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿಯಾಗಿ ಊರತೊಡಗಿದಳು. ಅರವತ್ತರ ತಮ್ಮ, ಅರವತ್ತೇಳರ ಅಕ್ಕ, ಮಂಡಿ ಊರಿ, ಒಣ ಕಡ್ಡಿಗಳನ್ನು ನೆಲಕ್ಕೆ ಚುಚ್ಚುತ್ತಾ ಎರಡು ಗಂಟೆ ಕಳೆದರು. ಬಿಸಿಲು ಏರಿದ ಹಾಗೆ ನೆಟ್ಟದ್ದೆಲ್ಲ ತಲೆ ಬಗ್ಗಿಸಿತು.

ತಪಾಸಣೆಗೆ ಬಂದವಳು ಮೂವತ್ತರ ಒಳಗಿನ ಹೆಣ್ಣುಮಗಳು, ಅಂದು ಇನ್ನೂ ನಾಲ್ಕು ಹಳ್ಳ ನೋಡಬೇಕಿದ್ದವಳು. ಗುಂಪಿನ ಆರು ಜನವೂ ಒಗೆದ ಅಂಗಿ ತೊಟ್ಟು ಅವಳ ಹಿಂದೆ ಬಂದಿದ್ದರು. ಅವಳು ಬಗ್ಗಿ ಒಂದು ಹಿಡಿ ಹುಲ್ಲು ಹಿಡಿದಳು. ಅದು ಸಲೀಸಾಗಿ ಕೈಗೆ ಬಂತು. ಇನ್ನೊಂದು ಹಿಡಿದಳು, ಅದೂ ಬಂತು. ಕೋಸಿನವನು ಆ ನೇರವಾದ ಅಂಚನ್ನು ನೋಡಿದ, ನೂಲಣ್ಣನನ್ನು ನೋಡಿದ, ತಲೆಯ ಮೇಲೆ ಕೈಯಿಟ್ಟುಕೊಂಡ. ಯಾರ ಕೈಯದು ಎಂದು ಕೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಮೇಡಂಗೆ ಮಾತ್ರ ಕೇಳಲೇಬೇಕಿತ್ತು, ಫಾರಂನಲ್ಲಿ ಆ ಪ್ರಶ್ನೆ ಇತ್ತು. "ಕುಯ್ದಿರೋದು ಜಮೀನಿನವರಾದ್ರೆ ಗುಂಪು ರದ್ದಾಗತ್ತೆ" ಅಂದಳು. ಆಮೇಲೆ ಸ್ವಲ್ಪ ನಿಧಾನವಾಗಿ, ಯಾರ ಮುಖವನ್ನೂ ನೋಡದೆ, "ಅವರಿಗೆ ಗೊತ್ತಿಲ್ಲದೆ ಬೇರೆಯವರು ಕುಯ್ದಿದ್ರೆ ಗುಂಪಿಗೇನೂ ಆಗಲ್ಲ. ಕುಯ್ದವರ ಮೇಲೆ ಜಮೀನಿನವರು ದೂರು ಬರೆದು ಕೊಡ್ಬೇಕು" ಅಂದಳು.

ನಾನೇ ಅನ್ನಲು ನೂಲಣ್ಣ ನಾಲಿಗೆ ಎತ್ತಬೇಕು, ಅಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ನಾನೇ ಕುಯ್ದದ್ದು ಮೇಡಂ. ಅವನು ಮನೇಲಿರಲಿಲ್ಲ."

ಮೇಡಂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಷೀನಲ್ಲಿ ಕುಯ್ದಿರೋದಲ್ವಾ ಇದು? ಎತ್ತೋಕಾಗತ್ತಾ ನಿಮಗೆ?"

"ಎತ್ತಿ ತೋರಿಸ್ಲಾ?"

ಮಷೀನು ಬದುವಿನ ಮೇಲೇ ಇತ್ತು. ಅಕ್ಕ ಅದರ ಹೆಗಲಪಟ್ಟಿಯೊಳಗೆ ತೋಳು ತೂರಿಸಿ ಎದ್ದು ನಿಂತಳು. ಉಬ್ಬಸದ ಸಿಳ್ಳು ಹತ್ತು ಹೆಜ್ಜೆ ದೂರಕ್ಕೆ ಕೇಳುತ್ತಿತ್ತು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಆರು ಜನ ಗಂಡಸರು, ಒಳ್ಳೆಯ ಜನವೇ, ನೆಲ ನೋಡುತ್ತಾ ನಿಂತಿದ್ದರು. "ಸಾಕು, ಇಳಿಸಿ" ಅಂದಳು ಮೇಡಂ. ನೂಲಣ್ಣನ ಕಡೆ ತಿರುಗಿದಳು. "ಇವರು ಕುಯ್ದದ್ದು ನಿಮಗೆ ಗೊತ್ತಿತ್ತಾ?"

ಅವನು ಅಕ್ಕನನ್ನು ನೋಡಿದ. ಅವಳು ಕಣ್ಣಲ್ಲೇ ಗದರಿದಳು, ಚಿಕ್ಕಂದಿನಲ್ಲಿ ನೆಂಟರ ಮುಂದೆ ಗದರುತ್ತಿದ್ದ ಹಾಗೆ. ಆರು ಜನ ಕಾಯುತ್ತಿದ್ದರು.

"ಗೊತ್ತಿರಲಿಲ್ಲ" ಅಂದ ನೂಲಣ್ಣ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಮೇಡಂ ಪುಟ ತಿರುಗಿಸಿದಳು. ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಉಣ್ಣುವವರು ಬೇರೆಯವರಾಗುವುದಿಲ್ಲ, ಅವರು ಮಾಡಿದ್ದೂ ಜಮೀನಿನವರು ಮಾಡಿದಂತೆಯೇ ಎಂದು ನಿಯಮ ಓದಿದಳು. ಅಕ್ಕ ಕಣ್ಣು ಮಿಟುಕಿಸದೆ, "ನಂದು ಬೇರೆ ಸಂಸಾರ. ಹಿಂದಿನ ಕೋಣೆ ನಂದು, ಬೇರೆ ಬಾಗಿಲಿದೆ" ಅಂದಳು. ಮೇಡಂ ನಿಟ್ಟುಸಿರು ಬಿಟ್ಟು ಬರೆದುಕೊಂಡಳು. ಹದಿನೈದು ದಿನಕ್ಕೆ ಮನೆ ನೋಡಲು ಬರುತ್ತೇನೆ, ಬೇರೆ ಒಲೆ ಇರಬೇಕು, ಒಳಗಿಂದೊಳಗೆ ಓಡಾಡುವ ದಾರಿ ಇರಬಾರದು, ಒಪ್ಪಂದ ಮುಗಿಯುವ ತನಕ ಮೇಲಿನವರು ಯಾವಾಗ ಬೇಕಾದರೂ ಬಂದು ನೋಡಬಹುದು ಎಂದಳು. ಒಪ್ಪಂದ ಮುಗಿದು ಕೊನೆಯ ತಪಾಸಣೆ ಆಗಲು ಇನ್ನೂ ಎರಡು ವರ್ಷವಿತ್ತು.

ಅಂದು ಮಧ್ಯಾಹ್ನ ಅಂಚೆಯಕ್ಕ ತನ್ನ ಮೇಲಿನ ದೂರನ್ನು ತಾನೇ ಬರೆದಳು. ನೂಲಣ್ಣನಿಗೆ ಬರೆಯಲು ಬರುತ್ತಿರಲಿಲ್ಲವಲ್ಲ. "ಸದರಿ ಮಹಿಳೆಯು ನನ್ನ ಗಮನಕ್ಕೆ ತಾರದೆ" ಎಂದು ದುಂಡಗೆ ಬರೆದು, ಓದಿ ಹೇಳಿ, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸಿದಳು. ಅವನ ಸಹಿ ಅಂದರೆ ಕಷ್ಟಪಟ್ಟು ಕಲಿತ ನಾಲ್ಕು ಅಕ್ಷರ. ಕಲಿಸಿದವಳೂ ಅವಳೇ. ಅವನು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟ.

"ಅಕ್ಕ, ಕಚೇರಿಗೆ ಹೋಗಿ ನಿಜ ಹೇಳಿಬಿಡ್ತೀನಿ."

"ಹೇಳು. ಕೋಸಿನವನ ಸೂರು ಕಿತ್ತು ಕೊಡ್ತೀಯಾ? ಆ ಹೆಂಗಸಿನ ಕಣ್ಣು ಕಿತ್ತು ಕೊಡ್ತೀಯಾ? ಸಹಿ ಹಾಕು."

ಹಾಕಿದ.

ಅಣ್ಣತಮ್ಮಂದಿರು ಮೈ ಪರಚಾಡಿಕೊಂಡು ಮನೆಯ ನಡುವೆ ಗೋಡೆ ಎಬ್ಬಿಸುವುದನ್ನು ಎಲ್ಲರೂ ಕಂಡಿದ್ದೇವೆ. ಒಂದು ಕೆಟ್ಟ ಮಾತಿಲ್ಲದೆ ಎದ್ದ ಗೋಡೆ ಬಹುಶಃ ಇದೊಂದೇ. ಆರು ಮನೆಯವರೂ ಇಟ್ಟಿಗೆ ಹೊತ್ತರು, ಮರಳು ತಂದರು, ಅಕ್ಕನ ಕೋಣೆಗೆ ಹೊಸ ಒಲೆ ಕೊಂಡುಕೊಟ್ಟರು. ಕಟ್ಟಿದವನು ಮಾತ್ರ ನೂಲಣ್ಣನೇ. ಬೇರೆಯವರಿಗೆ ಕೈ ಹಚ್ಚಲು ಬಿಡಲಿಲ್ಲ. ಮೇಡಂ ಬಡಿದು ನೋಡಿದರೆ ಟೊಳ್ಳು ಅನ್ನಿಸಬಾರದೆಂದು ಎರಡು ಇಟ್ಟಿಗೆಯ ದಪ್ಪಕ್ಕೆ ಎಬ್ಬಿಸಿದ. ಅಕ್ಕ ಆಚೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಇಟ್ಟಿಗೆಗೆ ನೀರು ಚಿಮುಕಿಸಿ ಕೊಡುತ್ತಿದ್ದಳು. ಮೊದಲ ದಿನ ಅವಳ ಮಂಡಿ ಮರೆಯಾಯಿತು. ಎರಡನೇ ದಿನ ಎದೆಯವರೆಗೆ. ಮೂರನೇ ದಿನ ಮುಖವಷ್ಟೇ ಕಾಣುತ್ತಿತ್ತು.

"ಸಕ್ಕರೆ ಡಬ್ಬಿ ನಿನ್ ಕಡೆ ಉಳೀತು. ಅರ್ಧ ಸುರಿದು ಕೊಡು."

ಸುರಿದು ಕೊಟ್ಟ. "ಕೆಮ್ಮು ಬಂದ್ರೆ ಏನ್ ಮಾಡ್ತೀಯ?"

"ಕೆಮ್ತೀನಿ. ಇನ್ನೇನ್ ಮಾಡ್ಲಿ? ಇಟ್ಟಿಗೆ ಇಡು, ಗಾರೆ ಗಟ್ಟಿಯಾಗತ್ತೆ."

ಇಟ್ಟ. ಅವನು ಅಳುತ್ತಿದ್ದ, ಆದರೆ ಕೈ ತಪ್ಪಲಿಲ್ಲ. ಆ ಕೈಯನ್ನು ಅವನು ಆಗ ದ್ವೇಷಿಸಿದಷ್ಟು ಯಾವತ್ತೂ ದ್ವೇಷಿಸಿರಲಿಲ್ಲ. ಕೊನೆಯ ಸಾಲು ಮುಗಿದು ಗಾರೆ ಮೆತ್ತಿ ಸುಣ್ಣ ಹೊಡೆದಾಗ ಆಚೆಯ ಸದ್ದು ಪೂರಾ ನಿಂತುಹೋಯಿತು.

ಮೇಡಂ ಹೇಳಿದ ದಿನಕ್ಕೆ ಬಂದಳು. ಮುಂದಿನ ಬಾಗಿಲು ತಟ್ಟಿದಳು, ಹಿಂದಿನ ಬಾಗಿಲು ತಟ್ಟಿದಳು, ಎರಡು ಒಲೆಯ ಫೋಟೋ ತೆಗೆದುಕೊಂಡಳು. ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, ಜೀಪು ಹತ್ತಿದಳು. ತಿಂಗಳೊಪ್ಪತ್ತಿನಲ್ಲಿ ಆರು ಮನೆಗೂ ಹಣ ಬಂತು, ನೂಲಣ್ಣನಿಗೂ ಬಂತು. ಊರಿನಲ್ಲಿ, ಗೊತ್ತಿಲ್ಲದ ಜನ, ಊರಿಗೆಲ್ಲ ಬುದ್ಧಿ ಹೇಳಿದ ಅಂಚೆಯಕ್ಕನೇ ಹುಲ್ಲು ಕುಯ್ದಳಂತೆ ಎಂದು ನಕ್ಕರು. ಅವಳು ಅಂಗಡಿಗೆ ಹೋಗುವುದನ್ನು ಕಡಿಮೆ ಮಾಡಿದಳು.

ಚಳಿ ಇಳಿಯಿತು. ನೂಲಣ್ಣ ಬೆಂಚಿನ ಮೇಲೆ ಮಲಗಿ ಗೋಡೆಗೆ ಕಿವಿ ಹಚ್ಚುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಅವಳು ಕೆಮ್ಮುತ್ತಿಲ್ಲವೋ, ಕೆಮ್ಮಿದ್ದು ಇಲ್ಲಿಗೆ ಬರುತ್ತಿಲ್ಲವೋ ಎಂದು ತಿಳಿಯದೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮೊದಮೊದಲು ಮನೆ ಸುತ್ತಿಕೊಂಡು ಹೋಗಿ ಹಿಂದಿನ ಬಾಗಿಲು ತಟ್ಟುತ್ತಿದ್ದ, ಅಲ್ಲೇ ಕೂತು ಉಂಡೂ ಬಂದಿದ್ದ. ಅದು ಹೇಗೋ ಆರು ಮನೆಗೆ ಗೊತ್ತಾಯಿತು. ಒಂದು ಸಂಜೆ ಆರು ಜನವೂ ಬಂದು ಪಡಸಾಲೆಯಲ್ಲಿ ಕೂತರು. ಪಕ್ಕದ ಹಳ್ಳದ ಗುಂಪಿಗೆ ಮೇಲಿನವರು ಹೇಳದೆ ಕೇಳದೆ ಬಂದಿದ್ದರಂತೆ. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀವಿ" ಅಂದ ಕೋಸಿನವನು. "ಎರಡೇ ವರ್ಷ. ಆ ಕಡೆ ಹೋಗ್ಬೇಡಿ, ಕಂಡವರು ಒಂದೇ ಸಂಸಾರ ಅಂದ್ಬಿಡ್ತಾರೆ. ಅಕ್ಕನಿಗೆ ಏನು ಬೇಕೋ ನಮ್ಮ ಮನೆ ಹೆಂಗಸರು ನೋಡ್ಕೋತಾರೆ." ಇವನ ಒಂದು ಸಂಜೆಯ ತೀಟೆಗೆ ಅವರೇ ಬಂದು ಕೈಮುಗಿಯುತ್ತಿದ್ದರು. ಇವನು ಆಗಲಿ ಅಂದ.

ಮರುದಿನದಿಂದ ಮನೆಯ ಮೂಲೆಯಲ್ಲಿ ಸರದಿಯ ಮೇಲೆ ಒಬ್ಬರಲ್ಲ ಒಬ್ಬರು ಹೆಂಗಸರು ಇರತೊಡಗಿದರು. ನೋಡಿದವರಿಗೆ ಕಾವಲು ಅನ್ನಿಸುತ್ತಿರಲಿಲ್ಲ. ಬಟಾಣಿ ಸುಲಿಯುತ್ತಲೋ, ಹರಿದ ಬಟ್ಟೆ ಹೊಲಿಯುತ್ತಲೋ ಕೂತಿರುತ್ತಿದ್ದರು. ಅಕ್ಕನ ನೀರು ಸೌದೆಗೂ ಅವರೇ, ಅವಳ ಔಷಧಿಗೂ ಅವರೇ. ಯಾರಲ್ಲೂ ತಪ್ಪು ಹಿಡಿಯುವ ಹಾಗಿರಲಿಲ್ಲ.

ಚಳಿ ಬಲಿತ ಒಂದು ದಿನ ಬೆಳಗಿನಿಂದ ಅಕ್ಕನ ಕಡೆಯ ಹೊಗೆಕೊಳವೆಯಲ್ಲಿ ಹೊಗೆ ಕಾಣಲಿಲ್ಲ. ನೂಲಣ್ಣ ಹೊಲದಲ್ಲಿ ನಿಂತು ನೋಡಿದ, ಅಂಗಳಕ್ಕೆ ಬಂದು ನೋಡಿದ. ಮಧ್ಯಾಹ್ನವಾದರೂ ಇಲ್ಲ. ಅವನಿಗೆ ತಡೆಯಲಾಗಲಿಲ್ಲ. ಮೂಲೆಯಿಂದ ಹಾರೆ ಎತ್ತಿಕೊಂಡು ಗೋಡೆಯ ಮುಂದೆ ನಿಂತ. ಎತ್ತಿದ ಹಾರೆ ಎತ್ತಿದಂತೆಯೇ ಇತ್ತು. ಒಂದು ಏಟು ಹಾಕಿದರೆ ಆರು ಮನೆ ಬೀಳುತ್ತದೆ. ಹಾಕದಿದ್ದರೆ ಗೋಡೆಯಾಚೆ ಏನಾಗಿದೆಯೋ ದೇವರಿಗೇ ಗೊತ್ತು. ಹಾರೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಬರಿಗಾಲಲ್ಲಿ ಮನೆ ಸುತ್ತಿ ಓಡಿದ.

ಮೂಲೆಯಲ್ಲಿ ಕೋಸಿನವನ ಹೆಂಡತಿ ಬಟಾಣಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

"ಬೇಡ ಅಣ್ಣಾ. ರಸ್ತೇಲಿ ಯಾವುದೋ ಕಾರು ನಿಂತಿದೆ."

"ಹೊಗೆ ಇಲ್ವಲ್ಲ. ಬೆಳಿಗ್ಗೆಯಿಂದ ಇಲ್ಲ."

"ನಾನೂ ಈಗಷ್ಟೇ ಬಂದೆ, ನೋಡ್ಕೊಂಡ್ ಬರ್ತೀನಿ. ನೀವು ಇಲ್ಲೇ ಇರಿ."

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವನು ಕಾದ. ಕಾಲಡಿಯ ನೆಲ ಕೊರೆಯುತ್ತಿತ್ತು. ಅವಳು ಹೊರಗೆ ಬಂದಾಗ ಅವಳ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ಮಲಗಿದ್ದಾರೆ. ಉಬ್ಬಸ ಜಾಸ್ತಿಯಾಗಿದೆ, ಎದ್ದು ಒಲೆ ಹಚ್ಚೋಕಾಗಿಲ್ಲ. ನಾನು ಈಗ ನೀರು ಕಾಯಿಸಿ ಕೊಡ್ತೀನಿ, ಹೆದರ್ಬೇಡಿ." ಅವಳು ಬಟಾಣಿ ಬುಟ್ಟಿ ಪಕ್ಕಕ್ಕೆ ಸರಿಸಿದಳು. "ನೀವು ಹೇಗಿದ್ದೀರ ಅಂತ ಕೇಳಿದ್ರು. ಏನು ಹೇಳ್ಲಿ?"

ನೂಲಣ್ಣ ಬಾಗಿಲನ್ನು ನೋಡಿದ. ಹತ್ತು ಹೆಜ್ಜೆ ಇಲ್ಲ. ಹುಟ್ಟಿದಂದಿನಿಂದ ಒಂದೇ ಸೂರಿನಡಿ ಇದ್ದ ಅಕ್ಕನಿಗೆ ಬೇರೆಯವರ ಬಾಯಲ್ಲಿ ಹೇಳಿ ಕಳಿಸುವಂಥ ಒಂದು ಮಾತು ಅವನಿಗೆ ತೋಚಲಿಲ್ಲ. ರಸ್ತೆಯ ಕಾರು ಇನ್ನೂ ಅಲ್ಲೇ ಇತ್ತು.

"ಚೆನ್ನಾಗಿದ್ದೀನಿ ಅಂತ ಹೇಳಿ" ಅಂದ. ಅವಳು ಹೇಳಲು ಒಳಗೆ ಹೋದಳು.